ಹಳೇ ಓಮ್ನಿಯ ಮೀಟರು ನಿಂತರೆ: ಕೇಬಲ್, ರಿಪೇರಿ, ಗುಜರಿ, ಹೊಸದು – ಯಾವಾಗ ಯಾವುದು?

ಹುಬ್ಬಳ್ಳಿ-ಧಾರವಾಡದ ಯಾವ ಓಣಿಗೆ ಹೋದರೂ ಒಂದು ಹಳೇ ಮಾರುತಿ ಓಮ್ನಿ ಕಣ್ಣಿಗೆ ಬೀಳುತ್ತದೆ. ಅಮರಗೋಳದ ಎಪಿಎಂಸಿಯಿಂದ ಉಳ್ಳಾಗಡ್ಡಿ ಚೀಲ ಹೊರುವುದು, ಮದುವೆ ಮನೆಗೆ ಪೆಂಡಾಲಿನ ಸಾಮಾನು ಒಯ್ಯುವುದು, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಸ್ಯಾಂಪಲ್ ತಗೊಂಡು ಹೋಗುವುದು, ಎಲ್ಲವೂ ಇದರಲ್ಲೇ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೆ ನಮ್ಮ ಕಡೆ ಅದರ ಓಡಾಟ ನಿಂತಿಲ್ಲ. ನಿಂತಿರುವುದು ಬಹಳಷ್ಟು ಗಾಡಿಗಳ ವೇಗ, ಕಿ.ಮೀ. ತೋರಿಸುವ ಮೀಟರು.

"ಮೀಟರ್ ಯಾಕ್ ಬೇಕ್ರಿ, ಗಾಡಿ ಓಡತೈತಲ್ಲ" ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಎಂಜಿನ್ ಆಯಿಲ್ ಬದಲಿಸುವುದು ಕಿಲೋಮೀಟರಿನ ಲೆಕ್ಕದ ಮೇಲೆ. ಗೇರ್ ಆಯಿಲ್, ಪ್ಲಗ್, ಫ್ಯಾನ್ ಬೆಲ್ಟ್ ಎಲ್ಲವೂ ಹಾಗೆಯೇ. ಎಲ್‌ಪಿಜಿ ಹಾಕಿಸಿದ ಹಳೇ ಓಮ್ನಿಯಲ್ಲಿ ಗ್ಯಾಸಿನ ಗೇಜನ್ನು ನಂಬುವ ಹಾಗಿರುವುದಿಲ್ಲ. ಕಳೆದ ಸಲ ತುಂಬಿಸಿದ ಮೇಲೆ ಎಷ್ಟು ಓಡಿದೆ ಎಂದು ನೋಡಿಯೇ ಡ್ರೈವರು ಪಂಪಿಗೆ ಗಾಡಿ ತಿರುಗಿಸುತ್ತಾನೆ. ಕಿ.ಮೀ. ಮೇಲೆ ಬಾಡಿಗೆಗೆ ಬಿಟ್ಟವರಿಗಂತೂ ಮೀಟರಿಲ್ಲದಿದ್ದರೆ ಪ್ರತಿ ಸಲ ಜಗಳ. ಇನ್ನು ಬೈಪಾಸಿನಲ್ಲಿ ಲಾರಿಗಳ ನಡುವೆ ತನ್ನ ವೇಗ ಎಷ್ಟೆಂದು ಗೊತ್ತಿಲ್ಲದೆ ಗಾಡಿ ಹೊಡೆಯುವುದು ಸರಿಯಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮವೂ ಗಾಡಿಯಲ್ಲಿ ಸ್ಪೀಡೋಮೀಟರ್ ಇರಬೇಕು ಎನ್ನುತ್ತದೆ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಅದು ನೆನಪಾಗುವುದಕ್ಕಿಂತ ಮೊದಲೇ ಮಾಡಿಸಿಕೊಳ್ಳುವುದು ಲೇಸು.

ಮಾಡಿಸುವುದು ಸರಿ, ಏನು ಮಾಡಿಸಬೇಕು? ಗ್ಯಾರೇಜಿನವರು ಕೇಬಲ್ ಎನ್ನುತ್ತಾರೆ, ಸ್ಪೇರ್ ಪಾರ್ಟ್ಸ್ ಅಂಗಡಿಯವರು ಪೂರ್ತಿ ಮೀಟರು ಎನ್ನುತ್ತಾರೆ, ಗೆಳೆಯರು ಗುಜರಿಯಲ್ಲಿ ಅಗ್ಗ ಸಿಗುತ್ತದೆ ಎನ್ನುತ್ತಾರೆ. ಮಕ್ಕಳು ಮೊಬೈಲಿನಲ್ಲಿ ಆ್ಯಪ್ ಹಾಕಿಕೊಡುತ್ತಾರೆ. ಕೆಟ್ಟಿರುವುದು ಎಲ್ಲಿ ಎಂದು ತಿಳಿಯದೆ ಇವುಗಳಲ್ಲಿ ಯಾವುದನ್ನು ಆರಿಸಿದರೂ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆ.

ಮೊದಲು ಕೆಟ್ಟದ್ದು ಎಲ್ಲಿ ಎಂದು ಹಿಡಿಯಿರಿ

ಕೇಬಲ್ ಮೀಟರಿನ ಕೆಲಸ ಸರಳ. ಗೇರ್‌ಬಾಕ್ಸಿನ ಒಳಗೆ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟು ಒಂದು ಸಣ್ಣ ಪ್ಲಾಸ್ಟಿಕ್ ಪಿನಿಯನ್ನನ್ನು, ಅಂದರೆ ಹಲ್ಲಿನ ಚಕ್ರವನ್ನು, ತಿರುಗಿಸುತ್ತದೆ. ಪಿನಿಯನ್ನು ಕೇಬಲ್ಲಿನ ಒಳತಂತಿಯನ್ನು, ಒಳತಂತಿ ಡ್ಯಾಶ್‌ಬೋರ್ಡಿನಲ್ಲಿರುವ ಮೀಟರಿನ ಒಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತದ ಸುತ್ತ, ಅದಕ್ಕೆ ತಾಗದೆ, ಅಲ್ಯೂಮಿನಿಯಮ್ಮಿನ ಒಂದು ಸಣ್ಣ ಬಟ್ಟಲು. ಅಯಸ್ಕಾಂತ ತಿರುಗಿದಂತೆ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲು ಅದರ ಹಿಂದೆ ಎಳೆಯಲ್ಪಡುತ್ತದೆ. ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಎರಡರ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಬಟ್ಟಲಿಗೆ ಕೂಡಿಸಿದ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೋ ಶುಲ್ಟ್ಸೆ ಇದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ಅದೇ ತತ್ವ ನಮ್ಮ ಓಮ್ನಿಯವರೆಗೂ ಬಂದಿದೆ.

ಕಿ.ಮೀ. ಎಣಿಸುವ ಅಂಕಿ ಚಕ್ರಗಳಿಗೆ ಅಯಸ್ಕಾಂತದ ಸಂಬಂಧವೇ ಇಲ್ಲ. ಅದೇ ಶಾಫ್ಟಿನಿಂದ ಸಣ್ಣ ಸಣ್ಣ ಗೇರುಗಳ ಮೂಲಕ, ಹಲ್ಲಿಗೆ ಹಲ್ಲು ಕೂತು ಅವು ತಿರುಗುತ್ತವೆ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಪರೀಕ್ಷೆ ಸೀಟಿನಲ್ಲಿ ಕೂತೇ ಮುಗಿಯುತ್ತದೆ. ಮುಳ್ಳು ತಪ್ಪು ತೋರಿಸಬಹುದು, ಆದರೆ ಒರಿಜಿನಲ್ ಪಿನಿಯನ್ನು, ಒರಿಜಿನಲ್ ಅಳತೆಯ ಟೈರು ಇರುವ ಗಾಡಿಯಲ್ಲಿ ಕಿ.ಮೀ. ಅಂಕಿ ಒಂದೋ ಸರಿ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ.

ಮುಳ್ಳೂ ಸತ್ತಿದೆ, ಅಂಕಿಯೂ ನಿಂತಿದೆ ಎಂದರೆ ತೊಂದರೆ ಬಹುಮಟ್ಟಿಗೆ ಮೀಟರಿನ ಹೊರಗೆ, ಅಂದರೆ ಕೇಬಲ್ಲಿನಲ್ಲಿ ಅಥವಾ ಪಿನಿಯನ್ನಿನಲ್ಲಿ. ಮುಳ್ಳು ಆಡುತ್ತದೆ, ಅಂಕಿ ನಿಂತಿದೆ ಎಂದರೆ ಮೀಟರಿನ ಒಳಗಿನ ಗೇರು ಹೋಗಿದೆ, ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಅಂಕಿ ಓಡುತ್ತದೆ, ಮುಳ್ಳು ಮಾತ್ರ ಸುಳ್ಳು ಹೇಳುತ್ತದೆ ಎಂದರೂ ಮೀಟರಿನ ಒಳಗಿನದೇ ತೊಂದರೆ. ಮುಳ್ಳು ಥಕಥಕ ಕುಣಿದು, ಡ್ಯಾಶ್‌ಬೋರ್ಡಿನ ಹಿಂದಿನಿಂದ ಕಿರಕಿರ ಸದ್ದು ಬಂದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮುರಿದು ಮಡಚಿದೆ. ಮುಳ್ಳು ಮೇಲೇರಿ ಕೊನೆಗೆ ಅಂಟಿಕೊಂಡು ಕೂತರೆ ಗ್ರೀಸೋ ಗೇರ್ ಆಯಿಲೋ ಕೇಬಲ್ಲಿನೊಳಗಿಂದ ಹತ್ತಿ ಅಯಸ್ಕಾಂತ ಮತ್ತು ಬಟ್ಟಲಿನ ನಡುವೆ ಸೇರಿದೆ.

ಎರಡೂ ನಿಂತ ಗಾಡಿಗೆ ಇನ್ನೊಂದು ಪರೀಕ್ಷೆ ಬೇಕು. ಸಪಾಟು ಜಾಗದಲ್ಲಿ ಎಂಜಿನ್ ಬಂದ್ ಮಾಡಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಓಮ್ನಿಯ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೇ ಇರುವುದರಿಂದ ಅದನ್ನು ಬಿಡಬೇಕಾಗುತ್ತದೆ, ಹಾಗಾಗಿ ಕಲ್ಲು ಕೊಡುವುದನ್ನು ಮರೆಯುವ ಹಾಗಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಹಿಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಡಿ. ಮೀಟರಿನ ಹಿಂದಿನಿಂದ ಕೇಬಲ್ ಬಿಚ್ಚಿ. ಈಗ ಒಬ್ಬರು ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಲಿ, ಇನ್ನೊಬ್ಬರು ಕೇಬಲ್ಲಿನ ತುದಿ ನೋಡಲಿ. ತುದಿ ತಿರುಗಿದರೆ ಕೇಬಲ್ಲೂ ಪಿನಿಯನ್ನೂ ಸರಿ ಇವೆ, ತೊಂದರೆ ಮೀಟರಿನದು. ತಿರುಗದಿದ್ದರೆ ಒಳತಂತಿಯನ್ನು ಮೇಲಿನಿಂದ ಜಗ್ಗಿ. ಪೂರ್ತಿ ಉದ್ದ ಕೈಗೆ ಬರದೆ ತುಂಡು ಬಂದರೆ ಕೇಬಲ್ ಹರಿದಿದೆ. ಪೂರ್ತಿ ಬಂದು, ಕೆಳತುದಿಯ ಮೂಲೆಗಳೂ ಸವೆಯದೆ ಚೊಕ್ಕ ಇದ್ದರೆ ಪಿನಿಯನ್ನನ್ನು ಬಿಚ್ಚಿ ನೋಡಬೇಕು.

ಕೇಬಲ್: ಹೊಸದನ್ನೇ ಹಾಕಿ

ನೂರುಗಳ ಲೆಕ್ಕದಲ್ಲಿ ಮುಗಿಯುವ ಕೆಲಸ ಇದು, ಕೂಲಿಯೂ ಹೆಚ್ಚಾಗುವುದಿಲ್ಲ. ಹರಿದ ಒಳತಂತಿಗೆ ತುಂಡು ಜೋಡಿಸಿ ಕೊಡುವವರು ಇನ್ನೂ ಇದ್ದಾರೆ. ಅದನ್ನು ಮಾಡಿಸಬೇಡಿ. ಜೋಡಿಸಿದ ಜಾಗ ದಪ್ಪವಾಗಿ ಹೊರಕೊಳವೆಗೆ ಉಜ್ಜುತ್ತದೆ, ಮುಳ್ಳು ಕುಣಿಯುತ್ತದೆ, ಮತ್ತೆ ಅಲ್ಲಿಯೇ ಹರಿಯುತ್ತದೆ.

ಅಂಗಡಿಗೆ ಹೋಗುವಾಗ ಹಳೇ ಕೇಬಲ್ ಕೈಯಲ್ಲಿರಲಿ. "ಓಮ್ನಿ ಕೇಬಲ್ ಕೊಡ್ರಿ" ಎಂದರೆ ಸಾಲದು. ಉದ್ದ, ಎರಡೂ ತುದಿಯ ನಟ್ಟು ಅಥವಾ ಲಾಕು, ಒಳತಂತಿಯ ತುದಿ, ಎಲ್ಲವನ್ನೂ ಪಕ್ಕದಲ್ಲಿಟ್ಟು ಹೋಲಿಸಿ ತನ್ನಿ. ಹಾಕುವಾಗ ಹಳೆಯ ದಾರಿಯಲ್ಲೇ, ಹಳೆಯ ಕ್ಲಿಪ್ಪುಗಳಲ್ಲೇ ಹಾಯಬೇಕು. ಪೆಡಲುಗಳ ಹತ್ತಿರ ಗಿಡ್ಡ ತಿರುವು ಬಿದ್ದರೆ ಹೊಸ ಕೇಬಲ್ಲೂ ಬಾಳುವುದಿಲ್ಲ. ಬಾಡಿಯೊಳಗೆ ಹಾಯುವ ತೂತಿನಲ್ಲಿ ರಬ್ಬರ್ ಇದೆಯೇ ನೋಡಿ. ಇಲ್ಲದಿದ್ದರೆ ನಮ್ಮ ಎರಿ ಭೂಮಿಯ ಧೂಳು, ಮಳೆಗಾಲದ ರಾಡಿ ಅಲ್ಲಿಂದಲೇ ಒಳಗೆ ಬರುತ್ತದೆ.

ಗ್ರೀಸಿನ ವಿಷಯ ಒತ್ತಿ ಹೇಳಬೇಕು. ಒಳತಂತಿಯ ಕೆಳಗಿನ ಭಾಗಕ್ಕೆ ತೆಳ್ಳಗೆ ಸವರಿದರೆ ಸಾಕು. ಮೀಟರಿನ ಕಡೆಯ ಕೊನೆಯ ಒಂದು ಗೇಣು ಒಣಗಿಯೇ ಇರಲಿ. ತಿರುಗುವ ತಂತಿ ಸ್ಕ್ರೂವಿನ ಹಾಗೆ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ, ಹೆಚ್ಚಾದದ್ದು ನೇರ ಮೀಟರಿನ ಹೊಟ್ಟೆಗೆ ಹೋಗುತ್ತದೆ. ಕೈತುಂಬ ಗ್ರೀಸ್ ಬಳಿದು "ಇನ್ನ ಹತ್ತ ವರ್ಷ ನೋಡಂಗಿಲ್ರಿ" ಎನ್ನುವ ಮೆಕ್ಯಾನಿಕ್ ಕೇಬಲ್ಲನ್ನು ಉಳಿಸಿ ಮೀಟರನ್ನು ಕೊಲ್ಲುತ್ತಾನೆ.

ಹೊಸ ಕೇಬಲ್ ಹಾಕಿ ಸ್ವಲ್ಪ ದಿನಕ್ಕೇ ಮತ್ತೆ ಹರಿದರೆ ಇನ್ನೊಂದು ಕೇಬಲ್ ಕೊಳ್ಳಲು ಓಡಬೇಡಿ. ಕೇಬಲ್ ಹಾಯುವ ದಾರಿ ಸರಿ ಇದ್ದರೆ ಮೀಟರಿನ ಶಾಫ್ಟು ಬಿಗಿಯಾಗಿರಬಹುದು. ಕೇಬಲ್ ತುಂಡಿನ ತುದಿಯನ್ನು ಮೀಟರಿಗೆ ಕೊಟ್ಟು ಬೆರಳಿನಿಂದ ತಿರುವಿ ನೋಡಿ. ಸಲೀಸಾಗಿ ತಿರುಗಬೇಕು, ಮುಳ್ಳು ಕೊಂಚ ಮಿಸುಕಬೇಕು. ತಡೆದು ತಡೆದು ತಿರುಗಿದರೆ ಮೊದಲು ಮೀಟರು ರಿಪೇರಿಯಾಗಬೇಕು.

ಪಿನಿಯನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲ್ಲು ಸವೆದಿದ್ದರೆ ಬದಲಿಸಿ, ಆದರೆ ಹಳೆಯದರ ಹಲ್ಲು ಎಣಿಸಿ ಅಷ್ಟೇ ಹಲ್ಲಿನದನ್ನು ತನ್ನಿ. 20 ಹಲ್ಲಿನ ಜಾಗಕ್ಕೆ 21ರದ್ದು ಬಂದರೆ ಮೀಟರು ಸುಮಾರು 5 ಶೇಕಡ ಕಡಿಮೆ ತೋರಿಸುತ್ತದೆ, ವೇಗದಲ್ಲೂ ಕಿ.ಮೀ.ಯಲ್ಲೂ. ಬಿಚ್ಚಿದಾಗ ಅದರ ಆಯಿಲ್ ಸೀಲನ್ನೂ ಬದಲಿಸಿಬಿಡಿ. ಗೇರ್ ಆಯಿಲ್ ಕೇಬಲ್ಲಿಗೆ ಹತ್ತುವುದು ಆ ಸೀಲು ಸವೆದಾಗಲೇ.

ನಿಮ್ಮದೇ ಮೀಟರಿನ ರಿಪೇರಿಯೋ, ಗುಜರಿಯ ಮೀಟರೋ?

ತೊಂದರೆ ಮೀಟರಿನ ಒಳಗಿದ್ದರೆ ಜನ ಗೊಂದಲಕ್ಕೆ ಬೀಳುವುದು ಇಲ್ಲಿ. ನನ್ನ ಅಭಿಪ್ರಾಯ ಸ್ಪಷ್ಟ: ಮೊದಲ ಆಯ್ಕೆ ನಿಮ್ಮ ಗಾಡಿಯದೇ ಮೀಟರಿನ ರಿಪೇರಿ.

ಕಾರಣ, ಆ ಅಂಕಿ ನಿಮ್ಮ ಗಾಡಿಯ ಚರಿತ್ರೆ. ಎಂಜಿನ್ ಬಿಚ್ಚಿದ್ದು ಎಷ್ಟು ಕಿ.ಮೀ.ಗೆ, ಕ್ಲಚ್ ಪ್ಲೇಟ್ ಹಾಕಿದ್ದು ಎಷ್ಟಕ್ಕೆ ಎಂಬ ಹಳೇ ಬಿಲ್ಲುಗಳೆಲ್ಲ ಆ ಅಂಕಿಯ ಜೊತೆ ತಾಳೆಯಾಗುತ್ತವೆ. ಬೇರೆ ಗಾಡಿಯ ಮೀಟರು ಹಾಕಿದ ದಿನವೇ ಆ ತಾಳೆ ತಪ್ಪುತ್ತದೆ.

ಒಳಗೆ ಕೆಡುವುದೂ ಬಹಳ ಸಲ ಸಣ್ಣದೇ. ಅಂಕಿ ನಿಂತ ಮೀಟರನ್ನು ಬಿಚ್ಚಿ, ಅಂಕಿ ಚಕ್ರಗಳ ಪಕ್ಕದ ಪ್ಲಾಸ್ಟಿಕ್ ಗೇರನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನ ತೂತಿನಿಂದ ಹಲ್ಲಿನ ಬುಡದವರೆಗೆ ಕೂದಲೆಳೆಯ ಸೀಳು ಕಾಣುತ್ತದೆ. ವರ್ಷಗಟ್ಟಲೆ ಬಿಸಿಲಿಗೆ ಪ್ಲಾಸ್ಟಿಕ್ ಕುಗ್ಗಿ, ಲೋಹದ ಶಾಫ್ಟಿನ ಮೇಲೆ ಬಿಗಿದು ಸೀಳಿರುತ್ತದೆ. ಶಾಫ್ಟು ತಿರುಗುತ್ತದೆ, ಗೇರು ಜಾರಿ ಅಲ್ಲೇ ಕೂರುತ್ತದೆ. ಬೆರಳಿನಿಂದ ಒತ್ತಿ ಹಿಡಿದರೆ ಒಂದೆರಡು ಅಂಕಿ ಮುಂದೆ ಹೋಗುತ್ತದೆ, ಬಿಟ್ಟರೆ ಮತ್ತೆ ನಿಲ್ಲುತ್ತದೆ. ಅದಕ್ಕೆ ಫೆವಿಕ್ವಿಕ್ ಹಾಕುವವರಿದ್ದಾರೆ. ಸೀಳು ಬಾಯಿ ಬಿಟ್ಟುಕೊಂಡೇ ಅಂಟಿದರೆ ಆ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ಅಂತರ ಹೆಚ್ಚಾಗಿರುತ್ತದೆ, ಪ್ರತಿ ಸುತ್ತಿನಲ್ಲೂ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಟು ಪಕ್ಕದ ಚಕ್ರಕ್ಕೆ ಹರಿದರಂತೂ ಮೀಟರಿನ ಕತೆ ಮುಗಿಯಿತು. ಗೇರನ್ನೇ ಬದಲಿಸುವವರ ಹತ್ತಿರ ಕೊಡಿ.

ಗುಜರಿಯ ಮೀಟರಿಗೆ ನನ್ನ ಪ್ರಕಾರ ಒಳ್ಳೆಯ ಉಪಯೋಗ ಇದೇ. ಅದನ್ನು ಹಾಗೆಯೇ ಡ್ಯಾಶ್‌ಬೋರ್ಡಿಗೆ ಕೂರಿಸಬೇಡಿ. ಅದರ ಒಳಗಿನ ಚೊಕ್ಕ ಗೇರನ್ನು ತೆಗೆದು ನಿಮ್ಮ ಮೀಟರಿಗೆ ಹಾಕಿಸಿ. ಎರಡೂ ಒಂದೇ ಕಂಪನಿಯ, ಒಂದೇ ನಮೂನೆಯ ಮೀಟರಾಗಿರಬೇಕು, ಅಷ್ಟೇ.

ಮೀಟರ್ ರಿಪೇರಿ ಮಾಡುವವರು ಹುಬ್ಬಳ್ಳಿಯಲ್ಲಿ ಆಟೋ ಎಲೆಕ್ಟ್ರಿಷಿಯನ್‌ಗಳ ಸುತ್ತಮುತ್ತಲೇ ಸಿಗುತ್ತಾರೆ. ಗದಗ, ಹಾವೇರಿ ಕಡೆಯವರೂ ಮೀಟರನ್ನು ಮಾತ್ರ ಬಿಚ್ಚಿ ಕೊಟ್ಟು ಕಳಿಸಬಹುದು, ಗಾಡಿ ತರಬೇಕಿಲ್ಲ. ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: "ಅಣ್ಣಾರ, ಮುಳ್ಳು ತಗದು ಮತ್ತ ಕೂಡಸೋದು ಹ್ಯಾಂಗ್ರಿ?" ಒಳಗೆ ಕೈಹಾಕಲು ಡಯಲ್ ಬಿಚ್ಚಬೇಕು, ಡಯಲ್ ಬಿಚ್ಚಲು ಮುಳ್ಳು ಕೀಳಬೇಕು. ಕೀಳುವ ಮುಂಚೆ ಅದು ನಿಂತ ಜಾಗವನ್ನು ಗುರುತು ಮಾಡದಿದ್ದರೆ, ಕೂಡಿಸಿದ ಮೇಲೆ ಎಲ್ಲ ವೇಗದಲ್ಲೂ ಹೆಚ್ಚೋ ಕಡಿಮೆಯೋ ತೋರಿಸುತ್ತದೆ. ಗುರುತು ಮಾಡಿ ಕೀಳುತ್ತೇನೆ, ಕೂಡಿಸಿದ ಮೇಲೆ ಮೋಟರಿಗೆ ಹಚ್ಚಿ ವೇಗ ನೋಡುತ್ತೇನೆ ಎಂದು ಹೇಳಿದವನ ಕೈಗೆ ಧೈರ್ಯವಾಗಿ ಕೊಡಿ. ಜಪಾನಿ ವಿನ್ಯಾಸದ ಬಹಳ ಮೀಟರುಗಳಲ್ಲಿ ಕೇಬಲ್ ಕಿ.ಮೀ.ಗೆ 637 ಸುತ್ತು ತಿರುಗಬೇಕು ಎಂಬ ಲೆಕ್ಕವಿದೆ. ಕೆಲವು ಡಯಲ್‌ಗಳ ಮೇಲೆ ಆ ಅಂಕಿಯನ್ನು ಸಣ್ಣಗೆ ಅಚ್ಚು ಹಾಕಿರುತ್ತಾರೆ. ಅಂಥ ಮೀಟರಿನ ಶಾಫ್ಟನ್ನು ನಿಮಿಷಕ್ಕೆ 637 ಸುತ್ತು ತಿರುಗಿಸಿದರೆ ಮುಳ್ಳು 60ರ ಮೇಲೆ ಬರಬೇಕು.

ಸ್ಪ್ರಿಂಗೇ ಹೋಗಿದ್ದರೆ, ಅಂಕಿ ಚಕ್ರಗಳೇ ಕರಗಿ ಅಂಟಿದ್ದರೆ, ಶಾಫ್ಟಿನ ಬುಶ್ ಅಗಲವಾಗಿ ಅಯಸ್ಕಾಂತ ಬಟ್ಟಲಿಗೆ ತಾಗುತ್ತಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ.

ಹೊಸ ಮೀಟರು

ಸಾವಿರಗಳ ಲೆಕ್ಕ. ಕಂಪನಿಯ ಒರಿಜಿನಲ್ ಸಿಕ್ಕರೆ ಅದನ್ನೇ ತಗೊಳ್ಳಿ. ತಯಾರಿಕೆ ನಿಂತ ಗಾಡಿಯಾದ್ದರಿಂದ ಎಲ್ಲ ಮಾಡೆಲ್ಲಿನದೂ ಸಿಗುತ್ತದೆಂಬ ಭರವಸೆ ಬೇಡ. ಡುಪ್ಲಿಕೇಟ್ ತರುವುದಾದರೆ ಹಿಂದಿನ ವಯರ್ ಕಪ್ಲರ್ (ವಯರುಗಳನ್ನು ಕೂಡಿಸುವ ಪ್ಲಗ್ಗು) ಒಂದೇ ಇದೆಯೇ, ಪೆಟ್ರೋಲ್ ಮತ್ತು ಟೆಂಪರೇಚರ್ ಗೇಜು ಸರಿ ತೋರಿಸುತ್ತವೆಯೇ ಎಂದು ಅಂಗಡಿಯ ಮುಂದೆಯೇ ಹಚ್ಚಿ ನೋಡಿ. ವೇಗ ಸರಿ ತೋರಿಸಿ ಟೆಂಪರೇಚರ್ ಸುಳ್ಳು ಹೇಳುವ ಮೀಟರು ಕಾಯ್ದ ಎಂಜಿನ್ನನ್ನು ಮುಚ್ಚಿಡುತ್ತದೆ, ಅದು ನಿಂತ ಮೀಟರಿಗಿಂತ ಅಪಾಯ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರಿನ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿಯವರು ಇನ್ನೊಂದು ನೋಡಬೇಕು: ಕೆಲವು ಗಾಡಿಗಳಲ್ಲಿ ಎಂಜಿನ್ ಕಂಪ್ಯೂಟರಿಗೆ ವೇಗದ ಸಂಕೇತ ಹೋಗುವುದು ಮೀಟರಿನ ಒಳಗಿನ ಸ್ವಿಚ್ಚಿನಿಂದಲೇ. ಅದಿಲ್ಲದ ಮೀಟರು ಹಾಕಿದರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ.

ಹೊಸದು ಸೊನ್ನೆಯಿಂದ ಶುರುವಾಗುತ್ತದೆ. ಹಳೇ ಮೀಟರಿನ ಅಂಕಿಯ ಫೋಟೋ ತೆಗೆದಿಡಿ, ಬದಲಿಸಿದ ತಾರೀಖು ಮತ್ತು ಹಳೇ ಅಂಕಿಯನ್ನು ಬಿಲ್ಲಿನಲ್ಲೇ ಬರೆಸಿ, ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿ. ಗಾಡಿ ಮಾರುವಾಗ ಕೊಳ್ಳುವವರಿಗೆ ಆ ಬಿಲ್ಲು ತೋರಿಸಿ. "ಅಂಕಿ ಕಮ್ಮಿ ಮಾಡಿ ಕೊಡ್ಲೇನ್ರಿ, ಒಳ್ಳೇ ರೇಟ್ ಬರತೈತಿ" ಎಂದು ಕೇಳುವವರು ಸಿಕ್ಕರೆ ಮೀಟರನ್ನು ವಾಪಸ್ ಇಸಕೊಂಡು ಬನ್ನಿ. ಅದು ಕೊಳ್ಳುವವನಿಗೆ ಮಾಡುವ ಮೋಸ, ಬ್ರೇಕು ಸ್ಟೀರಿಂಗು ಎಷ್ಟು ಸವೆದಿವೆ ಎಂಬುದನ್ನು ಅವನಿಂದ ಬಚ್ಚಿಡುವ ಮೋಸ.

ಮೊಬೈಲು, ಜಿಪಿಎಸ್ ಮೀಟರು

ರಿಪೇರಿಗೆ ಕೊಟ್ಟ ನಡುವಿನ ದಿನಗಳಿಗೆ ಇದು ಚೆನ್ನಾಗಿದೆ, ಮೀಟರು ಸರಿ ಇದೆಯೇ ಎಂದು ತಾಳೆ ನೋಡಲೂ ಒಳ್ಳೆಯದು. ಒಂದೇ ವೇಗದಲ್ಲಿ ನೇರ ರಸ್ತೆಯಲ್ಲಿ ಹೋಗುವಾಗ ಜಿಪಿಎಸ್ ವೇಗವನ್ನು ನಂಬಬಹುದು. ಆದರೆ ಬ್ರೇಕು ಹಾಕಿದಾಗ, ವೇಗ ಏರಿಸಿದಾಗ ಅದು ಕೊಂಚ ಹಿಂದೆ ಬೀಳುತ್ತದೆ. ಡ್ರೈವರು ಬದಲಾದರೆ, ಫೋನಿನ ಚಾರ್ಜು ಮುಗಿದರೆ ಕಿ.ಮೀ. ಲೆಕ್ಕವೂ ಅಲ್ಲಿಗೆ ಮುಗಿಯಿತು. ಗಾಡಿಯ ಮೀಟರಿನ ಬದಲಿಗೆ ಇದನ್ನೇ ಕಾಯಂ ಮಾಡಿಕೊಳ್ಳುವುದು ಬೇಡ.

ಕೇಬಲ್ ಇಲ್ಲದ ಗಾಡಿಗಳು

ಈಚಿನ ವ್ಯಾನುಗಳಲ್ಲಿ ಕೇಬಲ್ ಇರುವುದಿಲ್ಲ. ಗೇರ್‌ಬಾಕ್ಸಿನ ಮೇಲೊಂದು ಸೆನ್ಸರು, ಅಲ್ಲಿಂದ ವಯರು, ಮೀಟರಿನಲ್ಲಿ ಡಿಜಿಟಲ್ ಅಂಕಿ. ಇಲ್ಲಿ ಮೊದಲು ನೋಡಬೇಕಾದದ್ದು ಫ್ಯೂಸು, ಆಮೇಲೆ ಸೆನ್ಸರಿನ ಕಪ್ಲರು. ಕಪ್ಲರಿನೊಳಗೆ ರಾಡಿ ಕೂತು ಪಿನ್ನು ಹಸಿರುಗಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸುವುದರಲ್ಲೇ ಕೆಲಸ ಮುಗಿಯಬಹುದು. ಆಮೇಲೆ ಸೆನ್ಸರು. ಪೂರ್ತಿ ಕ್ಲಸ್ಟರು, ಅಂದರೆ ಎಲ್ಲ ಗೇಜುಗಳೂ ಸೇರಿದ ಇಡೀ ಮೀಟರು, ಎಲ್ಲಕ್ಕಿಂತ ಕೊನೆಗೆ. ಕಿ.ಮೀ. ಅಂಕಿ ಕ್ಲಸ್ಟರಿನ ಚಿಪ್ಪಿನಲ್ಲಿ ಉಳಿದಿರುವುದರಿಂದ ಗುಜರಿ ಕ್ಲಸ್ಟರ್ ಹಾಕಿದರೆ ಇಲ್ಲೂ ಬೇರೆ ಗಾಡಿಯ ಲೆಕ್ಕವೇ ಬರುತ್ತದೆ.

ಮಾಡಿಸಿದ ಮೇಲೆ ತಾಳೆ ನೋಡುವುದು

ಗ್ಯಾರೇಜಿನ ಮುಂದೆ ಒಂದು ಸುತ್ತು ಹಾಕಿ ದುಡ್ಡು ಕೊಟ್ಟು ಬಂದರೆ ಏನೂ ಗೊತ್ತಾಗುವುದಿಲ್ಲ. ಗದಗ ರಸ್ತೆಗೆ ಬನ್ನಿ. ಅಣ್ಣಿಗೇರಿ ಕಡೆ ರಸ್ತೆ ನೇರ, ಸಪಾಟು. ಒಂದು ಕಿ.ಮೀ. ಕಲ್ಲಿನಿಂದ ಹಿಡಿದು ಹತ್ತನೆಯ ಕಲ್ಲಿನವರೆಗೆ ಅಂಕಿ ಎಷ್ಟು ಮುಂದೆ ಹೋಯಿತು ನೋಡಿ. ಒಂದೇ ಕಲ್ಲಿನ ಅಂತರ ನಂಬಬೇಡಿ, ರಸ್ತೆ ಅಗಲ ಮಾಡುವಾಗ ಕಲ್ಲು ಆಚೀಚೆ ಆಗಿರಬಹುದು. ಮುಳ್ಳನ್ನು ನೋಡಲು ಪಕ್ಕದಲ್ಲಿ ಕೂತವರು ಗಡಿಯಾರ ಹಿಡಿಯಲಿ: ಕಿ.ಮೀ.ಗೆ 60 ಸೆಕೆಂಡ್ ಹಿಡಿದರೆ ಗಂಟೆಗೆ 60, 72 ಸೆಕೆಂಡ್ ಹಿಡಿದರೆ 50, 90 ಸೆಕೆಂಡ್ ಹಿಡಿದರೆ 40.

ಮುಳ್ಳು ಕೊಂಚ ಹೆಚ್ಚು ತೋರಿಸಿದರೆ ಗಾಬರಿ ಬೇಡ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲಿ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಲು ಅವಕಾಶವಿದೆ. ನಿಜದಲ್ಲಿ 60 ಇದ್ದಾಗ 70ರವರೆಗೂ ಹೋಗಬಹುದು. ಕಡಿಮೆ ತೋರಿಸಿದರೆ ಮಾತ್ರ ಮೀಟರನ್ನು ವಾಪಸ್ ಒಯ್ಯಿರಿ.

ಮುಳ್ಳೂ ಅಂಕಿಯೂ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಮೀಟರನ್ನು ಬೈಯುವ ಮೊದಲು ಟೈರು ನೋಡಿ. ಓಮ್ನಿಗೆ ಕಂಪನಿ ಕೊಟ್ಟದ್ದು 145 ಆರ್ 12 ಅಳತೆ. ಅದರ ಜಾಗಕ್ಕೆ 155/65 ಆರ್ 12 ಹಾಕಿದ್ದರೆ ಟೈರಿನ ಎತ್ತರ ಸುಮಾರು 7 ಶೇಕಡ ಕಮ್ಮಿಯಾಗುತ್ತದೆ, ಚಕ್ರ ಅಷ್ಟೇ ಹೆಚ್ಚು ಸಲ ಸುತ್ತುತ್ತದೆ. ಗಾಡಿ 93 ಕಿ.ಮೀ. ಓಡಿದಾಗ ಮೀಟರು 100 ಎನ್ನುತ್ತದೆ. ಅಂಥ ಗಾಡಿಯ ಮುಳ್ಳನ್ನು ಕಿತ್ತು ಹಿಂದಕ್ಕೆ ಕೂಡಿಸಿ "ಸರಿ ಮಾಡೇನಿ" ಎನ್ನುವವರಿಗೆ ಬಿಡಬೇಡಿ. ಮುಳ್ಳು ಸರಿಯಾದಂತೆ ಕಂಡರೂ ಕಿ.ಮೀ. ಅಂಕಿ ತಪ್ಪಾಗಿಯೇ ಓಡುತ್ತಿರುತ್ತದೆ. ಮುಂದಿನ ಸಲ ಟೈರು ಬದಲಿಸುವಾಗ 145 ಆರ್ 12 ಕೇಳಿ ಹಾಕಿಸಿಕೊಳ್ಳಿ, ಅಲ್ಲಿಯವರೆಗೆ ಬಾಡಿಗೆಯ ಲೆಕ್ಕದಲ್ಲಿ ನೂರಕ್ಕೆ ಏಳು ಕಳೆಯಿರಿ.